ಕಿಞ್ಞಣ್ಣ ರೈಗಳ ಊರ ದಾರಿಯಲ್ಲಿ

ಕಾಸರಗೋಡು ಸೀಮೆಯ ನಕ್ಷೆಯನ್ನು ಬಿಡಿಸಿ ನೋಡಿದರೆ ಮಂಜೇಶ್ವರ, ಕಯ್ಯಾರು, ನೀರ್ಚಾಲು, ಪೆರಡಾಲ ಎಂಬ ನಾಲ್ಕು ಹೆಸರುಗಳು ಒಂದಕ್ಕೊಂದು ಹೆಚ್ಚು ದೂರವಿಲ್ಲದೆ ಕಾಣಸಿಗುತ್ತವೆ. ಬೆಳಗ್ಗೆ ಹೊರಟವರು ನಾಲ್ಕನ್ನೂ ನೋಡಿಕೊಂಡು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು. ಈ ಪುಟ್ಟ ದಾರಿಯಲ್ಲಿ ನೂರು ವರ್ಷಗಳ ಒಂದು ತುಂಬು ಬಾಳು ಹರಡಿಕೊಂಡಿದೆ. ಕವಿಯಾಗಿ, ಅಧ್ಯಾಪಕರಾಗಿ, ಕೃಷಿಕರಾಗಿ, ಸ್ವಾತಂತ್ರ್ಯದ ಹೋರಾಟದಲ್ಲಿಯೂ ಏಕೀಕರಣದ ಹೋರಾಟದಲ್ಲಿಯೂ ಹಿಂದೆ ಸರಿಯದ ಯೋಧರಾಗಿ ಬಾಳಿದ ಕಯ್ಯಾರ ಕಿಞ್ಞಣ್ಣ ರೈಗಳು ಗಡಿನಾಡಿನ ಕನ್ನಡಿಗರೆಲ್ಲರಿಗೂ ಅಜ್ಜನ ಸ್ಥಾನದಲ್ಲಿದ್ದವರು. ಅವರ ಬಾಳಿನ ಜಾಡನ್ನು ಪುಸ್ತಕದಲ್ಲಿ ಓದಿಸಿದರೆ ಸಾಲದು, ನೆಲದ ಮೇಲೆ ನಡೆದೇ ತೋರಿಸಬೇಕೆಂದು ನಮ್ಮ ಶಾಲೆಯ ಅಧ್ಯಾಪಕ ವೃಂದದವರೆಲ್ಲ ನಿಶ್ಚಯಿಸಿದೆವು. ಏಳನೆಯ ತರಗತಿಯ ಮಕ್ಕಳನ್ನು ಕೂಡಿಕೊಂಡು ಒಂದು ಶನಿವಾರ ಬಾಡಿಗೆಯ ವ್ಯಾನಿನಲ್ಲಿ ಹೊರಟೆವು.

ಮೊದಲು ಮಂಜೇಶ್ವರ. ರಾಷ್ಟ್ರಕವಿ ಗೋವಿಂದ ಪೈಗಳು (1883–1963) ಬಾಳಿದ ಮನೆಯ ಆವರಣದಲ್ಲಿ ಈಗ ‘ಗಿಳಿವಿಂಡು’ ಎಂಬ ಸ್ಮಾರಕವಿದೆ. ಪೈಗಳ ಕವನ ಸಂಕಲನದ ಹೆಸರನ್ನೇ ಅದಕ್ಕೆ ಇಡಲಾಗಿದೆ. 1949ರಲ್ಲಿ ಅಂದಿನ ಮದರಾಸು ಸರಕಾರವು ಅವರಿಗೆ ರಾಷ್ಟ್ರಕವಿ ಬಿರುದನ್ನಿತ್ತಿತು. ಆಗ ಈ ನೆಲವು ದಕ್ಷಿಣ ಕನ್ನಡ ಜಿಲ್ಲೆಗೆ, ಆ ಮೂಲಕ ಮದರಾಸಿಗೆ ಸೇರಿದ್ದಿತೆಂಬುದನ್ನು ಮಕ್ಕಳಿಗೆ ನೆನಪಿಸಿದೆವು. ಕಿಞ್ಞಣ್ಣ ರೈಗಳು ಪೈಗಳನ್ನು ಗುರುಸಮಾನರೆಂದು ಕಂಡವರು, ಅವರ ಜೀವನ ಚರಿತ್ರೆಯನ್ನು ಬರೆದವರು. ಆದುದರಿಂದ ಅಜ್ಜನ ಊರಿಗೆ ಹೋಗುವವರು ಈ ಮನೆಯ ಮುಂದೆ ನಿಂತು ಹೋಗುವುದೇ ಕ್ರಮವೆಂದು ನಮಗೆ ತೋರಿತು.

ತಲಪಾಡಿಯಿಂದ ತೆಂಕಣಕ್ಕೆ ಸಾಗುವ ಹೆದ್ದಾರಿಯು ಈಗ ಆರು ಪಥಗಳಾಗಿ ಅಗಲಗೊಂಡಿದೆ. ವ್ಯಾನಿನ ಕಿಟಕಿಯಿಂದ ಕಾಣುವ ಕನ್ನಡ ಫಲಕಗಳನ್ನು ಎಣಿಸುವ ಆಟವನ್ನು ಮಕ್ಕಳೇ ಹೂಡಿಕೊಂಡರು. ಹೆದ್ದಾರಿಯಲ್ಲಿ ಎಣಿಕೆ ನಿಧಾನವಾಗಿ ಸಾಗಿತು. ಮೂಡಣ ದಿಕ್ಕಿನ ಒಳದಾರಿಗೆ ತಿರುಗಿದ ಮೇಲೆ ಬಸ್ಸು ತಂಗುದಾಣ, ಭಜನಾ ಮಂದಿರ, ಯುವಕ ಸಂಘ, ಹಾಲಿನ ಸೊಸೈಟಿ ಎಂದು ಒಂದರ ಹಿಂದೆ ಒಂದಾಗಿ ಕನ್ನಡದ ಅಕ್ಷರಗಳು ಕಂಡುಬಂದು, ಎಣಿಸುವವರ ದನಿಯೂ ಏರತೊಡಗಿತು.

ಕಯ್ಯಾರು ಈಗ ಮಂಜೇಶ್ವರ ತಾಲೂಕಿಗೆ ಸೇರಿದ ಗ್ರಾಮ. ಗುಡ್ಡೆ, ಬಯಲು, ತೋಟ ಎಂಬ ಮೂರು ಹಂತಗಳ ನಮ್ಮ ಕಡೆಯ ಊರುಗಳ ಹಾಗೆಯೇ ಇರುವ ಊರು. 1915ನೆಯ ಇಸವಿ ಜೂನ್ 8ರಂದು ಕಿಞ್ಞಣ್ಣ ರೈಗಳು ಇಲ್ಲಿ ಹುಟ್ಟಿದರು. ಮನೆಮಾತು ತುಳು. ಆ ಭಾಷೆಯಲ್ಲಿ ‘ಕಿಞ್ಞ’ ಎಂದರೆ ಚಿಕ್ಕದು, ‘ಕಿಞ್ಞಣ್ಣ’ ಎಂದರೆ ಚಿಕ್ಕಣ್ಣ. ಹೀಗೆ ಚಿಕ್ಕಣ್ಣನೆಂಬ ಹೆಸರು ಹೊತ್ತವರು ನೂರು ವರ್ಷ ಬಾಳಿ ಒಂದು ಸೀಮೆಗೇ ಅಜ್ಜನಾದರು. ಪಾಠ ಹೇಳುವವರಾದ ನಮಗೆ ಈ ಹೆಸರಿನಲ್ಲಿ ಇನ್ನೊಂದು ಸೊಗಸು ಕಾಣುತ್ತದೆ. ಒಂದನೆಯ ತರಗತಿಯಲ್ಲಿ ಅಕ್ಷರಮಾಲೆಯನ್ನು ಕಲಿಸುವಾಗ ‘ಞ’ ಎಂಬಲ್ಲಿಗೆ ಬಂದರೆ ಉದಾಹರಣೆ ಕೊಡಲು ಅಧ್ಯಾಪಕರು ತಡವರಿಸುತ್ತಾರೆ. ಆ ಅಕ್ಷರಕ್ಕೆ ಒತ್ತಕ್ಷರವನ್ನೂ ಕೂಡಿಸಿ ಎದೆಯಲ್ಲಿ ಧರಿಸಿದ ಹೆಸರು ನಮ್ಮ ನೆರೆಯಲ್ಲಿಯೇ ಇದೆ.

ಹನ್ನೆರಡರ ಹರೆಯದಲ್ಲಿಯೇ ಈ ಹುಡುಗನು ‘ಸುಶೀಲಾ’ ಎಂಬ ಕೈಬರಹದ ಪತ್ರಿಕೆಯನ್ನು ಹೊರಡಿಸಿದನೆಂದು ಹೇಳಿದಾಗ ನಮ್ಮ ಮಕ್ಕಳ ಕಣ್ಣುಗಳು ಅರಳಿದುವು. ತಮ್ಮ ವಯಸ್ಸಿನವನೇ ಆಗಿದ್ದನಲ್ಲ ಎಂಬ ಬೆರಗು. ಅಚ್ಚುಕೂಟವಿಲ್ಲದಿದ್ದರೂ ಪತ್ರಿಕೆ ನಡೆಯುತ್ತದೆ, ಬರೆಯುವ ಕೈಯೊಂದು ಓದುವ ಕಣ್ಣು ನಾಲ್ಕು ಇದ್ದರೆ ಸಾಕು ಎಂಬ ಪಾಠವನ್ನು ನಾವು ವಿವರಿಸಬೇಕಾಗಲಿಲ್ಲ. ಹಿಂದಿನ ಸೀಟಿನಲ್ಲಿ ಆಗಲೇ ಪತ್ರಿಕೆಯೊಂದಕ್ಕೆ ಹೆಸರು ಹುಡುಕುವ ಚರ್ಚೆ ಆರಂಭವಾಗಿತ್ತು.

ಪೆರ್ಮುದೆಯ ಕಡೆಯ ಒಳದಾರಿಗಳಿಂದ ಸೀತಾಂಗೋಳಿಯನ್ನು ಸೇರಿ, ಕುಂಬಳೆಯಿಂದ ಬರುವ ರಸ್ತೆಯನ್ನು ಹಿಡಿದು ನೀರ್ಚಾಲಿಗೆ ಬಂದೆವು. ಅಲ್ಲಿನ ಮಹಾಜನ ಸಂಸ್ಕೃತ ಕಾಲೇಜಿನಲ್ಲಿ ಕಿಞ್ಞಣ್ಣ ರೈಗಳು ಸಂಸ್ಕೃತಾಭ್ಯಾಸ ಮಾಡಿದರು. ತುಳು ಮನೆಮಾತಿನ ಹುಡುಗನು ಕನ್ನಡದಲ್ಲಿ ಓದಿ, ಸಂಸ್ಕೃತವನ್ನು ಕಲಿತು, ಮುಂದೆ ಎಂ.ಎ. ಪದವೀಧರನಾದನು. ಗಾಂಧೀಜಿಯವರ ಪ್ರಭಾವಕ್ಕೆ ಒಳಗಾಗಿ 1942ರ ಚಳವಳಿಯಲ್ಲಿ ತೊಡಗಿದ್ದೂ, ಅನಂತರ ಕನ್ನಡ ನಾಡಿನ ಏಕೀಕರಣಕ್ಕಾಗಿ ಹಾಡು ಕಟ್ಟಿ ಊರೂರು ತಿರುಗಿದ್ದೂ ಒಂದೇ ನಿಷ್ಠೆಯ ಎರಡು ಮುಖಗಳೆನ್ನಬೇಕು.

ನೀರ್ಚಾಲಿನ ಸಮೀಪ ಪರಿಚಿತರೊಬ್ಬರ ಅಡಿಕೆ ತೋಟದಲ್ಲಿ ಬುತ್ತಿ ಬಿಚ್ಚಿದೆವು. ಊಟವಾದ ಮೇಲೆ ತೋಟದ ಯಜಮಾನರು ಮಕ್ಕಳಿಗೆ ಸುರಂಗವನ್ನು ತೋರಿಸಿದರು. ಈ ಸೀಮೆಯನ್ನು ಅರಿಯದ ಓದುಗರಿಗಾಗಿ ಒಂದು ಮಾತು: ನಮ್ಮ ಗುಡ್ಡೆಗಳು ಮುರಕಲ್ಲಿನವು. ಗುಡ್ಡೆಯ ಬದಿಗೆ ಅಡ್ಡಲಾಗಿ, ಒಬ್ಬ ಮನುಷ್ಯನು ಬಾಗಿ ನಡೆಯುವಷ್ಟು ಅಗಲಕ್ಕೆ, ಪಿಕ್ಕಾಸಿನಿಂದ ಕೊರೆಯುತ್ತ ಹೋದರೆ ಒಳಗಿನ ಒರತೆ ಸಿಗುತ್ತದೆ. ಆ ನೀರು ಪಂಪಿನ ಹಂಗಿಲ್ಲದೆ ತಾನಾಗಿ ಹರಿದು ಕೆರೆಗೆ ಬೀಳುತ್ತದೆ. ಕೊರೆಯುವವರು ಒಳಗೆ ಮೇಣದ ಬತ್ತಿಯನ್ನು ಉರಿಸಿಟ್ಟುಕೊಳ್ಳುತ್ತಾರೆ. ಬೆಳಕಿಗೆಂಬುದು ಒಂದು ಕಾರಣವಾದರೆ, ಬತ್ತಿ ನಂದಿದರೆ ಗಾಳಿ ಸಾಲದೆಂದು ತಿಳಿದು ಹೊರಗೆ ಬರಬಹುದೆಂಬುದು ಇನ್ನೊಂದು. ಬೇಸಗೆಯಲ್ಲಿ ಈ ನೀರೇ ಎಷ್ಟೋ ತೋಟಗಳ ಪ್ರಾಣ. ಇಂತಹ ನೆಲದಲ್ಲಿ ಸ್ವತಃ ಕೃಷಿ ಮಾಡಿದ ರೈಗಳು ತಮ್ಮ ಆತ್ಮಕಥನಕ್ಕೆ ‘ದುಡಿತವೇ ನನ್ನ ದೇವರು’ ಎಂಬ ಹೆಸರಿಟ್ಟರು. ಸುರಂಗದ ತಣ್ಣನೆಯ ನೀರಿನಲ್ಲಿ ಕೈಯಾಡಿಸುತ್ತಿದ್ದ ಮಕ್ಕಳಿಗೆ ಆ ಹೆಸರಿನ ಅರ್ಥ ಅಲ್ಲಿಯೇ ತಿಳಿಯಿತು.

ಬದಿಯಡ್ಕದ ಪೇಟೆಯನ್ನು ದಾಟಿದರೆ ಪೆರಡಾಲ. ಅಲ್ಲಿನ ನವಜೀವನ ಶಾಲೆಯಲ್ಲಿ ಕಿಞ್ಞಣ್ಣ ರೈಗಳು ದೀರ್ಘಕಾಲ ಅಧ್ಯಾಪಕರಾಗಿದ್ದರು. 1969ರಲ್ಲಿ ಅವರಿಗೆ ಅಧ್ಯಾಪಕರಿಗೆ ನೀಡುವ ರಾಷ್ಟ್ರಪ್ರಶಸ್ತಿ ದೊರೆಯಿತು. ‘ಶ್ರೀಮುಖ’, ‘ಐಕ್ಯಗಾನ’, ‘ಪುನರ್ನವ’, ‘ಕೊರಗ’ ಮೊದಲಾದ ಕವನ ಸಂಕಲನಗಳನ್ನು ಪ್ರಕಟಿಸಿದವರು, ಬದಿಯಡ್ಕ ಪಂಚಾಯತಿನ ಅಧ್ಯಕ್ಷರೂ ಆಗಿದ್ದರು. ಬೆಳಗ್ಗೆ ತೋಟ, ಹಗಲು ಪಾಠ, ಬಿಡುವಾದಾಗ ಊರಿನ ಕೆಲಸ, ರಾತ್ರಿ ಬರವಣಿಗೆ ಎಂದು ಮಕ್ಕಳು ತಾವೇ ಲೆಕ್ಕ ಹಾಕಿ, “ಮಾಷ್ಟ್ರೇ, ಹಾಗಾದರೆ ಅವರು ನಿದ್ರೆ ಮಾಡಿದ್ದು ಯಾವಾಗ?” ಎಂದು ಕೇಳಿದರು. ಅಧ್ಯಾಪಕರೆಲ್ಲರೂ ನಕ್ಕೆವಾದರೂ ಉತ್ತರ ಹೊಳೆಯಲಿಲ್ಲ.

ಪೆರಡಾಲದ ಕಲ್ಲಕಳಿಯದಲ್ಲಿ ಅವರ ಮನೆ ‘ಕವಿತಾ ಕುಟೀರ’. ಮನೆಯವರಿಗೆ ತೊಂದರೆ ಕೊಡುವುದು ನಮ್ಮ ಉದ್ದೇಶವಾಗಿರಲಿಲ್ಲ. ದಾರಿಯಲ್ಲಿಯೇ ವ್ಯಾನನ್ನು ನಿಲ್ಲಿಸಿ, ಮರದ ನೆರಳಿನಲ್ಲಿ ಮಕ್ಕಳನ್ನು ಕುಳ್ಳಿರಿಸಿ, ಅಜ್ಜನ ಬಾಳಿನ ಉಳಿದ ಕಥೆಯನ್ನು ಹೇಳಿದೆವು.

1948ರಲ್ಲಿ ಕಾಸರಗೋಡಿನಲ್ಲಿ ತಿ.ತಾ. ಶರ್ಮರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅಂದು ಆ ಪೇಟೆ ಕನ್ನಡ ನಾಡಿನ ಅಂಗವೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. 1956ರ ನವೆಂಬರ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಕಿಞ್ಞಣ್ಣ ರೈಗಳಿಗೆ ಆಗ 41 ವರ್ಷ. ಮನೆಗೇ ಬೆಂಕಿ ಬಿದ್ದಂತಾಯಿತೆಂಬ ಅವರ ಅಳಲಿನ ಹಾಡು ಗಡಿನಾಡಿನ ಸಭೆಗಳಲ್ಲೆಲ್ಲ ಮೊಳಗಿತು. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗವು ಮರುವರ್ಷ ನೀಡಿದ ವರದಿಯಲ್ಲಿ ಚಂದ್ರಗಿರಿ ಹೊಳೆಯ ಬಡಗಣ ಭಾಗವು ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಹೇಳಿತು. ಆ ವರದಿ ಜಾರಿಗೆ ಬರಲಿಲ್ಲ. ಹುಟ್ಟಿದಾಗ ಮದರಾಸು ಪ್ರಾಂತ, 1956ರಲ್ಲಿ ಕೇರಳದ ಮಲಬಾರು ಜಿಲ್ಲೆ, 1957ರಲ್ಲಿ ಕಣ್ಣೂರು ಜಿಲ್ಲೆ, 1984ರಲ್ಲಿ ಕಾಸರಗೋಡು ಜಿಲ್ಲೆ – ಹೀಗೆ ಮನುಷ್ಯನು ಹುಟ್ಟಿದ ಸೀಮೆಯನ್ನು ಬಿಡದೆ ಇದ್ದರೂ ವಿಳಾಸ ಮಾತ್ರ ಬದಲಾಗುತ್ತ ಹೋಯಿತು. ಸೊಲ್ಲಾಪುರದಲ್ಲಿ, ಹೊಸೂರಿನಲ್ಲಿ, ಆದವಾನಿಯಲ್ಲಿ ಇದನ್ನು ಓದುವ ಹಿರಿಯರಿಗೆ ಈ ಅನುಭವ ಹೊಸದಲ್ಲ.

ಇಷ್ಟು ಕೇಳಿದ ಮೇಲೆ ಒಬ್ಬ ಹುಡುಗಿ ಎದ್ದು ನಿಂತು, “ಮಾಷ್ಟ್ರೇ, ಹಾಗಾದರೆ ಅಜ್ಜ ಗೆದ್ದರೋ, ಸೋತರೋ?” ಎಂದು ಕೇಳಿದಳು.

ಈ ಪ್ರಶ್ನೆಯನ್ನು ಸಭೆಗಳಲ್ಲಿ ಯಾರೂ ಇಷ್ಟು ನೇರವಾಗಿ ಕೇಳಿದ್ದನ್ನು ನಾವು ಕಂಡಿಲ್ಲ. ಮಕ್ಕಳಿಗೆ ಸುಳ್ಳು ಹೇಳಬಾರದೆಂಬುದು ತರಬೇತಿ ಶಾಲೆಯಲ್ಲಿ ನಾವು ಕಲಿತ ಮೊದಲ ಪಾಠ. ಆದುದರಿಂದ, ಅವರು ಕೇಳಿದ್ದು ಸಿಗಲಿಲ್ಲ ಎಂದೇ ಹೇಳಿದೆವು. ಅರುವತ್ತು ವರ್ಷಗಳ ಕಾಲ ಬಯಸಿದ್ದನ್ನು ಕಾಣದೆಯೇ ಅವರು ಕಣ್ಣು ಮುಚ್ಚಿದರು. ಆದರೆ ಕೇಳಿದ್ದು ಸಿಗಲಿಲ್ಲವೆಂದು ಅವರು ಮಂಗಳೂರಿಗೋ ಬೆಂಗಳೂರಿಗೋ ಬಿಡಾರ ಬದಲಾಯಿಸಲಿಲ್ಲ. ಇಲ್ಲಿಯೇ ನಿಂತು, ಇಲ್ಲಿನ ಮಕ್ಕಳಿಗೆ ಕನ್ನಡ ಕಲಿಸಿದರು, ಅವರಿಗಾಗಿ ವಾಚನಮಾಲೆಗಳನ್ನು ಬರೆದರು. 1997ರಲ್ಲಿ ಮಂಗಳೂರಿನಲ್ಲಿ ನೆರೆದ 66ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಗಡಿಯಾಚೆಯ ಊರಿನಿಂದ ಹೋದ ಮುದುಕರೊಬ್ಬರನ್ನು ಕನ್ನಡ ನಾಡು ತಲೆಯ ಮೇಲೆ ಹೊತ್ತು ಮೆರೆಸಿತು.

ಅಷ್ಟು ಹೊತ್ತು ದೂರದಲ್ಲಿ ನಿಂತು ಕೇಳುತ್ತಿದ್ದ ನಮ್ಮ ವ್ಯಾನಿನ ಚಾಲಕರು ಮಲೆಯಾಳ ಮನೆಮಾತಿನವರು. ಕನ್ನಡ ಮಾತಾಡಬಲ್ಲರು, ಓದಲಾರರು. “ಇವರಿಗೆ ಮಲೆಯಾಳ ಎಂದರೆ ಕೋಪವಿತ್ತೋ?” ಎಂದು ಸಂಕೋಚದಿಂದಲೇ ವಿಚಾರಿಸಿದರು. ಕುಮಾರನ್ ಆಶಾನರ ಖಂಡಕಾವ್ಯಗಳನ್ನು ಕನ್ನಡಕ್ಕೆ ತಂದವರು ಇವರೇ ಎಂದು ನಾವು ಹೇಳಿದಾಗ ಅವರ ಮುಖ ಬೆಳಗಿತು. ಶಾಲೆಯಲ್ಲಿ ಕಂಠಪಾಠ ಮಾಡಿದ್ದ ಆಶಾನರ ಕೆಲವು ಸಾಲುಗಳನ್ನು ರಾಗವಾಗಿ ಹಾಡಿಯೇ ಬಿಟ್ಟರು. ಮಕ್ಕಳು ಚಪ್ಪಾಳೆ ತಟ್ಟಿದರು. ತನ್ನ ಭಾಷೆಯ ಹಕ್ಕಿಗಾಗಿ ಬಾಳಿಡೀ ಹೋರಾಡಿದವರು ನೆರೆಯ ಭಾಷೆಯ ಮಹಾಕವಿಗೆ ಹೀಗೆ ಮಣೆ ಹಾಕಿದರೆಂಬುದನ್ನು ಗಡಿನಾಡಿನ ನಾವು ಮರೆಯಲಾಗದು. ನಮ್ಮ ಹೋರಾಟ ಮಲೆಯಾಳದ ಮೇಲಿನದಲ್ಲ, ಕನ್ನಡದ ಉಳಿವಿನದು.

ಆ ಉಳಿವು ಈಗ ಎಲ್ಲಿದೆ? 1969ರ ಕೇರಳದ ಭಾಷಾ ಕಾನೂನು ಕನ್ನಡಿಗರಿಗೆ ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸುವ ಅವಕಾಶವನ್ನು ಕೊಟ್ಟಿದೆ. 2017ರಲ್ಲಿ ಶಾಲೆಗಳಲ್ಲಿ ಮಲೆಯಾಳವನ್ನು ಕಡ್ಡಾಯಗೊಳಿಸುವ ಪ್ರಸಂಗ ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದು ತಮ್ಮ ದನಿಯನ್ನು ಕೇಳಿಸಿದರು. ಕಾನೂನಿನ ಕಾಗದವನ್ನು ಕಾಯುವುದು ಅಗತ್ಯ. ಆದರೆ ಒಂದನೆಯ ತರಗತಿಯ ಬೆಂಚುಗಳನ್ನು ಯಾವ ಕಾನೂನೂ ತುಂಬಲಾರದು. ನಮ್ಮ ಶಾಲೆಯ ಕನ್ನಡ ಮಾಧ್ಯಮದ ಒಂದನೆಯ ತರಗತಿಗೆ ಈಗ ಬರುವ ಮಕ್ಕಳು ಬೆರಳೆಣಿಕೆಯವರು. ಮನೆಯಂಗಳಕ್ಕೆ ಇಂಗ್ಲಿಷ್ ಮಾಧ್ಯಮದ ಶಾಲೆಯ ಬಸ್ಸು ಬರುವಾಗ ತಂದೆತಾಯಂದಿರನ್ನು ದೂರಿ ಫಲವಿಲ್ಲ. ಅವರು ಮಕ್ಕಳ ಅನ್ನದ ದಾರಿಯನ್ನು ನೋಡುತ್ತಾರೆ. ಆದರೆ ಇಂಗ್ಲಿಷಿನಲ್ಲಿ ಓದುವ ಮೊಮ್ಮಗನಿಗೆ ಸಂಜೆಯ ಹೊತ್ತು ಅಜ್ಜ ಅಜ್ಜಿಯರು ಕನ್ನಡದ ಒಂದು ಪುಟವನ್ನು ಓದಿಸಬಹುದಲ್ಲ? ಕಿಞ್ಞಣ್ಣ ರೈಗಳು ತುಳು ಮಾತಾಡುವ ಮನೆಯಿಂದಲೇ ಬಂದು ಕನ್ನಡದ ಕವಿಯಾದರು. ಮನೆಮಾತನ್ನೂ ಬಿಡದೆ ತುಳುವಿನಲ್ಲಿಯೂ ಕವಿತೆ ಬರೆದರು. ಒಂದು ಭಾಷೆಗಾಗಿ ಇನ್ನೊಂದನ್ನು ತೊರೆಯಬೇಕಾಗಿಲ್ಲವೆಂಬುದಕ್ಕೆ ಅವರ ಬಾಳೇ ಸಾಕ್ಷಿ.

2015ರ ಜೂನ್ 8ರಂದು ಅಜ್ಜನಿಗೆ ನೂರು ತುಂಬಿತು. ಎರಡು ತಿಂಗಳು ಕಳೆದು ಆಗಸ್ಟ್ 9ರಂದು ಅವರು ತೀರಿಕೊಂಡರು. 1942ರಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿ ಹೊತ್ತಿಕೊಂಡ ದಿನವೂ ಆಗಸ್ಟ್ 9. ಆ ಚಳವಳಿಯ ಯೋಧನು ಅದೇ ದಿನ ಹೊರಟುಹೋದುದನ್ನು ಕೇಳಿ, ಮಕ್ಕಳು ತಮ್ಮ ಟಿಪ್ಪಣಿ ಪುಸ್ತಕಗಳಲ್ಲಿ ಎರಡೂ ಇಸವಿಗಳನ್ನು ಒಂದರ ಕೆಳಗೆ ಒಂದಾಗಿ ಬರೆದುಕೊಂಡರು.

ಪ್ರವಾಸದಿಂದ ಮರಳಿದ ವಾರ ಏಳನೆಯವರು ಒಂದನೆಯ ತರಗತಿಯ ಗೋಡೆಯ ಅಕ್ಷರಮಾಲೆಯಲ್ಲಿ ‘ಞ’ದ ಎದುರು ಖಾಲಿಯಾಗಿದ್ದ ಚೌಕದಲ್ಲಿ ಕನ್ನಡಕ ಧರಿಸಿದ ಅಜ್ಜನೊಬ್ಬನ ಚಿತ್ರವನ್ನು ಬರೆದು ಅಂಟಿಸಿದರು. ಕೈಬರಹದ ಪತ್ರಿಕೆಯ ಮೊದಲ ಸಂಚಿಕೆಯೂ ಸಿದ್ಧವಾಗಿದೆ.

ನಮ್ಮ ಓದುಗ ಕುಟುಂಬಗಳು ರಜೆಯಲ್ಲಿ ಮಂಗಳೂರಿಗೋ ಮಧೂರಿಗೋ ಬಂದಾಗ ಒಂದು ದಿನವನ್ನು ಈ ದಾರಿಗಾಗಿ ಮೀಸಲಿಡಬೇಕೆಂದು ನಮ್ಮ ವಿನಂತಿ. ಕಾಸರಗೋಡಿನಿಂದಲೂ ಕುಂಬಳೆಯಿಂದಲೂ ಬದಿಯಡ್ಕಕ್ಕೆ ಬಸ್ಸುಗಳಿವೆ. ಮಳೆಗಾಲದಲ್ಲಿ ಬರುವವರು ಕೊಡೆಯನ್ನು ಮರೆಯದಿರಲಿ. ಬರುವಾಗ ಮಕ್ಕಳನ್ನು ಕರೆತನ್ನಿ, ದಾರಿಯುದ್ದಕ್ಕೂ ಕಾಣುವ ಕನ್ನಡದ ಫಲಕಗಳನ್ನು ಅವರೇ ಓದಲಿ.