ಊರ ವಾಚನಾಲಯದ ಬೆಲೆ ಎಷ್ಟು?

'ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ' ಎಂಬ ಗಾದೆಯನ್ನು ನಾವು ತರಗತಿಯಲ್ಲಿ ಎಷ್ಟು ಸಲ ವಿಸ್ತರಿಸಿ ಬರೆಸಿದ್ದೇವೆಯೋ ಲೆಕ್ಕವಿಲ್ಲ. ಬಳ್ಳವೆಂದರೆ ಧಾನ್ಯವನ್ನು ಅಳೆಯುವ ಮಾಪು. ನಮ್ಮ ಅಜ್ಜಿ ಅಕ್ಕಿಯನ್ನು ಪಾವು ಸೇರುಗಳಲ್ಲಿ ಅಳೆದು ಕೊಡುತ್ತಿದ್ದರು. ಒಂದು ಕಾಳೂ ಹೆಚ್ಚುಕಡಮೆಯಾಗುತ್ತಿರಲಿಲ್ಲ. ಆದರೆ ಹತ್ತು ಜನ ಸೇರಿ ಮಾಡುವ ಒಳ್ಳೆಯ ಕೆಲಸವನ್ನು ಯಾವ ಸೇರಿನಿಂದ ಅಳೆಯುವುದು? ಈ ಪ್ರಶ್ನೆ ನಮಗೆ ಎದುರಾದದ್ದು ಕಳೆದ ಬೇಸಿಗೆ ರಜೆಯಲ್ಲಿ, ವಯನಾಡು ಜಿಲ್ಲೆಯ ವೆಳ್ಳಮುಂಡದಲ್ಲಿ.

ನಮ್ಮ ಅಕ್ಕನನ್ನು ಕೊಟ್ಟದ್ದು ಆ ಕಡೆಗೆ. ಕಾಸರಗೋಡಿನಿಂದ ತಲಶ್ಶೇರಿಯವರೆಗೆ ರೈಲು, ಅಲ್ಲಿಂದ ಘಾಟಿ ಹತ್ತುವ ಬಸ್ಸಿನಲ್ಲಿ ಮಾನಂದವಾಡಿ, ಅಲ್ಲಿ ಮತ್ತೊಂದು ಬಸ್ಸು ಹಿಡಿದರೆ ವೆಳ್ಳಮುಂಡ. ಒಂದು ಕಡೆ ಬಾಣಾಸುರ ಬೆಟ್ಟ. ಕೆಳಗೆ ಕಾಫಿ, ಕರಿಮೆಣಸು, ಅಡಕೆ ತೋಟಗಳ ನಡುವೆ ಗದ್ದೆಗಳು. ಹಣ್ಣು ತಿಂದು ನಿದ್ದೆ ಮಾಡಬೇಕೆಂದು ಹೋದ ನಮ್ಮನ್ನು ಭಾವನವರು ಮರುದಿನವೇ ಒಂದು ಪುಟ್ಟ ವಾಚನಾಲಯಕ್ಕೆ ಕರೆದೊಯ್ದರು. ಅದರ ಸಮಿತಿಯಲ್ಲಿ ಅವರೂ ಒಬ್ಬರು. ಊರವರೇ ಚಂದಾ ಎತ್ತಿ ನಡೆಸುವ ಒಂದೇ ಕೋಣೆಯ ಸಂಸ್ಥೆ.

ಕೋಣೆಯ ಯಜಮಾನರು ಬಾಡಿಗೆ ಕೇಳದೆ ಇಷ್ಟು ವರ್ಷ ಬಿಟ್ಟುಕೊಟ್ಟಿದ್ದರು. ಈಗ ಅದನ್ನು ಅಂಗಡಿಗೆ ಕೊಡುವ ಮಾತು ಬಂದಿತ್ತು. "ಇದರಿಂದ ಊರಿಗೆ ಏನು ಪ್ರಯೋಜನ? ಒಂದು ಹಾಳೆಯಲ್ಲಿ ಬರೆದುಕೊಡಿ, ಆಮೇಲೆ ನೋಡೋಣ" ಎಂದಿದ್ದರಂತೆ. ಕನ್ನಡ, ಮಲಯಾಳ ಎರಡನ್ನೂ ಓದಿಬೆಳೆದ ಮೇಷ್ಟರು ಸಿಕ್ಕಿದ್ದಾರೆಂದು ಆ ಹಾಳೆಯ ಭಾರ ನಮ್ಮ ಮೇಲೆ ಬಿತ್ತು.

ಕೇರಳದಲ್ಲಿ ವಾಚನಾಲಯಗಳಿಗೆ ದೊಡ್ಡ ಪರಂಪರೆಯಿದೆ. 1945ರಲ್ಲಿ ಪಿ. ಎನ್. ಪಣಿಕ್ಕರ್ ಅವರು ಅಂಬಲಪ್ಪುಳದಲ್ಲಿ 47 ಗ್ರಂಥಾಲಯಗಳನ್ನು ಒಂದುಗೂಡಿಸಿ ಸಂಘ ಕಟ್ಟಿದರು. 1991ರ ಏಪ್ರಿಲ್ 18ರಂದು ಕೇರಳ ಸಂಪೂರ್ಣ ಸಾಕ್ಷರವೆಂದು ಘೋಷಿತವಾದುದರ ಹಿಂದೆ ಈ ಚಳವಳಿಯ ಶ್ರಮವೂ ಇದೆ. ನಾವು ಶಾಲೆಯಲ್ಲಿ ಜೂನ್ 19ರಂದು ಆಚರಿಸುವ ವಾಚನ ದಿನ ಪಣಿಕ್ಕರ್ ಅವರ ಪುಣ್ಯತಿಥಿ. ಇಂದಿಗೂ ಸರಕಾರದ ಗ್ರಂಥಾಲಯ ಪರಿಷತ್ತು ತನ್ನಲ್ಲಿ ಸೇರಿದ ಗ್ರಂಥಾಲಯಗಳ ಪುಸ್ತಕ, ಸದಸ್ಯರು, ಕಾರ್ಯಕ್ರಮಗಳನ್ನು ಪರಿಶೀಲಿಸಿ ಶ್ರೇಣಿ ಕೊಡುತ್ತದೆ. ನಮ್ಮ ಈ ಕೋಣೆ ಅಷ್ಟು ದೊಡ್ಡದಲ್ಲ. ಅದಕ್ಕೆ ಶ್ರೇಣಿಯೂ ಇಲ್ಲ.

ಇಷ್ಟೆಲ್ಲ ನೆನಪಿಸಿಕೊಂಡು ಅಂದು ರಾತ್ರಿಯೇ ಒಂದು ಹಾಳೆ ತುಂಬಿಸಿದೆವು. 'ಅಜ್ಞಾನದ ಕತ್ತಲನ್ನು ಕಳೆಯುವ ಜ್ಞಾನದೀಪ' ಎಂದು ಆರಂಭ. 'ಇಡೀ ಊರಿಗೆ ಉಪಕಾರ' ಎಂದು ಮುಕ್ತಾಯ. ಸಮಿತಿಯಲ್ಲಿ ಓದಿದಾಗ ಎಲ್ಲರೂ ತಲೆದೂಗಿದರು. ಅಂಗನವಾಡಿಯಿಂದ ನಿವೃತ್ತರಾದ ಒಬ್ಬ ಅಮ್ಮ ಮಾತ್ರ ನಕ್ಕರು. "ಮಾಷೇ, ಚೆನ್ನಾಗಿದೆ. ಆದರೆ ಇದನ್ನು ಯಾವ ಊರಿನ ವಾಚನಾಲಯಕ್ಕೂ ಅಂಟಿಸಬಹುದಲ್ಲ?"

ಮಕ್ಕಳ ಪ್ರಬಂಧಗಳಿಗೆ ಕೆಂಪು ಗೆರೆ ಎಳೆಯುವ ನಮಗೆ ಅಂದು ಕೆಂಪು ಗೆರೆ ಬಿತ್ತು. ನಾಚಿಕೆಯಾಯಿತು, ಬುದ್ಧಿಯೂ ಬಂತು.

ದಾಖಲೆ ಪುಸ್ತಕ ತೆರೆದೆವು. ಎಷ್ಟು ಪುಸ್ತಕ ಹೊರಗೆ ಹೋಯಿತು, ಎಷ್ಟು ಮರಳಿತು ಎಂಬುದು ಅದರಲ್ಲಿತ್ತು. ಓದಿದವರಿಗೆ ಏನಾಯಿತು ಎಂಬುದಿರಲಿಲ್ಲ. ಅದನ್ನು ಮನೆಗಳಿಗೆ ಹೋಗಿಯೇ ಕೇಳಬೇಕಿತ್ತು. ಮೂರು ಪ್ರಶ್ನೆಗಳನ್ನು ಗೊತ್ತುಮಾಡಿಕೊಂಡೆವು. ವಾಚನಾಲಯದಿಂದ ನಿಮ್ಮ ಬದುಕಿನಲ್ಲಿ ಏನು ಬದಲಾಯಿತು? ಅದು ಇಲ್ಲದಿದ್ದರೂ ಆ ಬದಲಾವಣೆ ಆಗುತ್ತಿತ್ತೇ? ಅದರಿಂದ ಏನೂ ದೊರೆಯದವರು ಯಾರು?

ಪರೀಕ್ಷೆ ಬರೆದು ಸರಕಾರಿ ಕೆಲಸ ಪಡೆದ ತರುಣನೊಬ್ಬನನ್ನು ಸಮಿತಿಯವರು ತಮ್ಮ ಸಾಧನೆಯೆಂದೇ ಎಣಿಸಿದ್ದರು. ಅವನು, "ತರಬೇತಿಗೂ ಹೋಗಿದ್ದೆ. ಇಲ್ಲಿ ಸಿಕ್ಕಿದ್ದು ದಿನಪತ್ರಿಕೆ ಮತ್ತು ಸದ್ದಿಲ್ಲದ ಮೂಲೆ" ಎಂದ. ಹಾಗೆಯೇ ಬರೆದುಕೊಂಡೆವು. ಹೆಂಡತಿಯನ್ನು ಕಳೆದುಕೊಂಡ ಹಿರಿಯರೊಬ್ಬರು, "ಪತ್ರಿಕೆಯನ್ನು ಮನೆಗೂ ತರಿಸಬಹುದು. ಓದಿ ಹೇಳಲು ಎದುರಿಗೆ ಜನ ಬೇಡವೇ?" ಎಂದರು. ಬೆಳಿಗ್ಗೆ ಅಂಗಿ ತೊಟ್ಟು ಹೊರಡಲು ಅವರಿಗಿದ್ದ ಕಾರಣ ಅದೊಂದೇ ಎಂದು ಸೊಸೆ ಮೆಲ್ಲನೆ ಹೇಳಿದಳು. ಇದನ್ನು ಯಾವ ಸೇರಿನಲ್ಲಿ ಅಳೆಯುವುದು?

ಕೊನೆಗೆ ಪಣಿಯ ಕುಟುಂಬಗಳಿರುವ ಹಾಡಿಗೆ ಹೋದೆವು. ಕೂಲಿ ಮುಗಿಸಿ ಆಗ ತಾನೇ ಬಂದಿದ್ದ ತಾಯಿಯೊಬ್ಬರು ನೇರವಾಗಿ ಹೇಳಿದರು: "ನಾವು ಬರುವ ಹೊತ್ತಿಗೆ ಅಲ್ಲಿ ಗಂಡಸರು ತುಂಬಿರುತ್ತಾರೆ. ನಮ್ಮಲ್ಲಿ ಯಾರೂ ಒಳಗೆ ಕಾಲಿಟ್ಟಿಲ್ಲ. ಯಾರೂ ಕರೆದೂ ಇಲ್ಲ."

ದಾರಿಯುದ್ದಕ್ಕೂ ಭಾವನವರು ಮಾತಾಡಲಿಲ್ಲ. ಮನೆ ಸಮೀಪಿಸಿದಾಗ, "ಇದನ್ನು ಬರೆಯುವುದು ಬೇಡ, ಕೋಣೆ ಹೋದೀತು" ಎಂದರು. ನಮಗೂ ಒಳಗೊಳಗೆ ಹಾಗೆಯೇ ಅನ್ನಿಸಿತ್ತು. ಆದರೆ ಆ ಅಂಗನವಾಡಿ ಅಮ್ಮ ಬಿಡಲಿಲ್ಲ. "ಅರ್ಧ ಅಳತೆಯ ಸೇರನ್ನು ಅಂಗಡಿಯವನು ಇಟ್ಟುಕೊಂಡರೆ ಮೋಸ ಎನ್ನುತ್ತೇವೆ. ನಾವು ಇಟ್ಟುಕೊಳ್ಳಬಹುದೇ?" ಎಂದರು. ಬರೆದೆವು. ಅದರ ಕೆಳಗೆ, ವಾರದಲ್ಲಿ ಎರಡು ಸಂಜೆ ಹೆಂಗಸರಿಗೆ ಮತ್ತು ಮಕ್ಕಳಿಗೆ ಮೀಸಲು, ಹಾಡಿಗೆ ಪುಸ್ತಕಗಳನ್ನು ನಾವೇ ಒಯ್ಯುತ್ತೇವೆ ಎಂಬ ಎರಡು ಸಾಲುಗಳನ್ನು ಸಮಿತಿಯೇ ಸೇರಿಸಿತು.

ಯಜಮಾನರು ಹಾಳೆಯನ್ನು ಎರಡು ಸಲ ಓದಿದರು. "ಕೊರತೆಯನ್ನೂ ಬರೆದಿದ್ದೀರಿ. ಆದ್ದರಿಂದ ಉಳಿದದ್ದನ್ನೂ ನಂಬುತ್ತೇನೆ" ಎಂದು ಒಂದು ವರ್ಷದ ಅವಧಿ ಕೊಟ್ಟರು. ಒಂದೇ ವರ್ಷ. ಮುಂದಿನ ಬೇಸಿಗೆಯಲ್ಲಿ ಆ ಎರಡು ಸಾಲುಗಳ ಲೆಕ್ಕ ಒಪ್ಪಿಸಬೇಕು. ಮೊದಲ ತಿಂಗಳು ಹಾಡಿಯಿಂದ ಮೂವರು ಮಕ್ಕಳು ಬಂದರೆಂದು ಅಕ್ಕ ಫೋನಿನಲ್ಲಿ ತಿಳಿಸಿದಳು. ಮೂರು ಸಣ್ಣ ಸಂಖ್ಯೆ; ಆದರೆ ಸೊನ್ನೆಯಿಂದ ಅದು ಬಹಳ ದೂರ.

ಪ್ರಿಯ ವಿದ್ಯಾರ್ಥಿಗಳೇ, ನಮ್ಮ ಶಾಲೆಯಲ್ಲೂ ಸಾಹಿತ್ಯ ಸಂಘವಿದೆ, ವಿಜ್ಞಾನ ಸಂಘವಿದೆ. ವರ್ಷಾಂತ್ಯದ ವರದಿಯಲ್ಲಿ 'ಇಷ್ಟು ಸಭೆಗಳು ಜರಗಿದವು, ಅಧ್ಯಕ್ಷರು ಮಾತನಾಡಿದರು, ವಂದನಾರ್ಪಣೆಯೊಂದಿಗೆ ಮುಕ್ತಾಯವಾಯಿತು' ಎಂದು ಬರೆಯುತ್ತೇವೆ. ಆ ಸಭೆಗಳಿಂದ ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕುಳಿತ ಹುಡುಗನಿಗೆ ಏನು ದೊರೆಯಿತು? ಈ ವರ್ಷದ ವರದಿಯಲ್ಲಿ ಅದಕ್ಕೂ ಒಂದು ಸಾಲು ಇರಲಿ. ಹೆತ್ತವರೇ, ರಕ್ಷಕ ಶಿಕ್ಷಕ ಸಂಘದ ಸಭೆಗೆ ಬಂದಾಗ ನೀವೂ ಆ ಮೂರು ಪ್ರಶ್ನೆಗಳನ್ನು ನಮ್ಮನ್ನು ಕೇಳಬೇಕು. ಉತ್ತರ ನಮಗೆ ಹಿತವಾಗದಿರಬಹುದು. ಅಳತೆ ಸರಿಯಾಗಿದ್ದರೆ ಸಾಕು. ಬಳ್ಳವನ್ನು ತುಂಬಿಸಲು ಇನ್ನೊಂದು ವರ್ಷವಿದೆ.