ಹಗೇವೂ ಹಾಯಿನೌಕೆಯೂ

ಕಲಬುರಗಿಯಿಂದ ಹುಮನಾಬಾದಿನ ಮಾರ್ಗವನ್ನು ಹಿಡಿದು ಹೊರಟವರಿಗೆ ಕಪನೂರವು ಎದುರಾಗುತ್ತದೆ. ಇದು ಕರಿಯ ಎರೆಭೂಮಿಯ, ತೊಗರಿಯ ಸೀಮೆ. ಊರಿನ ಕೈಗಾರಿಕಾ ಪ್ರದೇಶದಲ್ಲಿ ವಿದ್ಯುತ್ಪ್ರವಾಹವು ನಿಂತೊಡನೆ ಜನರೇಟರುಗಳು ಗರ್ಜಿಸತೊಡಗುವುವು. ಸಮುದ್ರವು ಇಲ್ಲಿಗೆ ಬಹುದೂರ. ಆದರೂ ಹಾಯಿನೌಕೆಯೊಂದರಲ್ಲಿ ವಿದ್ಯುತ್ತನ್ನು ಕೂಡಿಡುವ ಕ್ರಮವನ್ನು ತಿಳಿಯಬೇಕೆಂಬ ವಾಚಕರು ಈ ಸೀಮೆಯ ಹಗೇವನ್ನು, ಎಂದರೆ ನೆಲದೊಳಗಣ ಧಾನ್ಯದ ಕಣಜವನ್ನು, ಸ್ಮರಿಸಿದರೆ ಸಾಕು.

ಗೋವೆಯಲ್ಲಿ ನಿರ್ಮಿತವಾದ ‘ತಾರಿಣಿ’ಯನ್ನೇರಿ ನಮ್ಮ ನೌಕಾದಳದ ಆರು ಮಂದಿ ಮಹಿಳಾ ಅಧಿಕಾರಿಗಳು 2017ರ ಸೆಪ್ಟೆಂಬರ್ 10ರಂದು ಹೊರಟು, ಭೂಮಂಡಲವನ್ನು ಸುತ್ತಿ, 2018ರ ಮೇ 21ರಂದು ಮರಳಿದರು. ಇಂಥ ದೀರ್ಘಯಾನದಲ್ಲಿ ಹಾಯಿಯು ನೌಕೆಯನ್ನು ನಡೆಸೀತು, ದೀಪವನ್ನು ಬೆಳಗಿಸದು. ದೀಪಕ್ಕೂ ರೇಡಿಯೋಗೂ ಬ್ಯಾಟರಿಗಳೇ ಕಣಜ. ಅದನ್ನು ತುಂಬುವುದು ಜನರೇಟರು ಅಥವಾ ಸೂರ್ಯನ ಬಿಸಿಲು.

ಮೊದಲು ಮಾಡತಕ್ಕುದು ಆಯವ್ಯಯದ ಲೆಕ್ಕ. ದೀಪಗಳು 3 ಆಂಪಿಯರಿನಂತೆ 12 ಗಂಟೆ ಉರಿದರೆ 36. ರೇಡಿಯೋ ಮೊದಲಾದುವು 1 ಆಂಪಿಯರಿನಂತೆ ಹಗಲಿರುಳಿಗೆ 24. ಕೂಡಿ 60 ಆಂಪಿಯರ್-ಗಂಟೆಗಳು. ಸೀಸ-ಆಮ್ಲದ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕಿಂತ ಕೆಳಗೆ ಬರಿದುಮಾಡಿದರೆ ಅದರ ಆಯುಸ್ಸು ಕುಗ್ಗುವುದರಿಂದ, 60ರ ವ್ಯಯಕ್ಕೆ 120ರ ಕಣಜವು ಬೇಕು. ಎಂಜಿನನ್ನು ಎಬ್ಬಿಸುವ ಬ್ಯಾಟರಿಯನ್ನಾದರೋ ಪ್ರತ್ಯೇಕವಾಗಿಯೇ ಇರಿಸತಕ್ಕುದು. ಬರಗಾಲದಲ್ಲಿಯೂ ಒಕ್ಕಲಿಗನು ಬಿತ್ತನೆಯ ಬೀಜವನ್ನು ಮುಟ್ಟನಷ್ಟೆ. ಅದು ಬರಿದಾದರೆ ಎಂಜಿನೂ ಏಳದು, ಕಣಜವೂ ತುಂಬದು.

ಹಗೇವಿನಿಂದ ಕಲಿಯತಕ್ಕ ಇನ್ನೊಂದು ಪಾಠವಿದೆ. ಅದರೊಳಗೆ ವಿಷವಾಯುವು ಕೂಡುವುದರಿಂದ, ಬಾಯಿ ತೆರೆದು ಗಾಳಿಯಾಡಿಸಿ, ಉರಿಯುವ ದೀಪವನ್ನು ಇಳಿಸಿ, ಅದು ನಂದದಿದ್ದರೆ ಮಾತ್ರ ಹಿರಿಯರು ಇಳಿಯುತ್ತಿದ್ದರು. ನೌಕೆಯಲ್ಲಿ ಗಾಳಿಯಾಡಿಸುವ ವಿವೇಕವು ಅವಶ್ಯವೇ ಸರಿ. ದೀಪದ ಪರೀಕ್ಷೆಯು ಮಾತ್ರ ಸಲ್ಲದು. ಸೀಸದ ಬ್ಯಾಟರಿಯು ತುಂಬುವಾಗ ಹೊಮ್ಮುವ ಜಲಜನಕಕ್ಕೆ ಕಿಡಿಯೊಂದು ಸೋಕಿದರೆ ಸ್ಫೋಟವಾದೀತು. ಜನರೇಟರಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ದೀಪವು ನಂದದೆಯೇ ಅದು ಮಲಗಿದವರ ಪ್ರಾಣವನ್ನು ಕೊಂಡೊಯ್ಯುವುದು. ಆದುದರಿಂದಲೇ ನೌಕೆಗಳಲ್ಲಿ ಹೊಗೆಯ ಕೊಳವೆಯನ್ನು ಹೊರಕ್ಕೆ ಒಯ್ಯುವರು, ಮಲಗುವ ಕೋಣೆಯಲ್ಲಿ ಆ ಅನಿಲವನ್ನು ಸಾರಿ ಹೇಳುವ ಯಂತ್ರವನ್ನಿಡುವರು.

ಇದು ನಾವಿಕರಿಗೆ ಮಾತ್ರವೇ ಹೇಳಿದ ಮಾತಲ್ಲ. ಈಗ ಎಷ್ಟೋ ಮನೆಗಳಲ್ಲಿ ಇನ್ವರ್ಟರಿನ ಬ್ಯಾಟರಿಯುಂಟು, ಅಂಗಡಿಗಳಲ್ಲಿ ಜನರೇಟರುಂಟು. ಬ್ಯಾಟರಿಯನ್ನು ಗಾಳಿಯಾಡುವೆಡೆಯಲ್ಲಿ, ದೇವರ ದೀಪಕ್ಕೂ ಒಲೆಗೂ ದೂರವಾಗಿ ಇಡಬೇಕು. ಜನರೇಟರನ್ನು ಮನೆಯ ಹೊರಗೆ, ಕಿಟಕಿಬಾಗಿಲುಗಳಿಂದ ಬಹುದೂರದಲ್ಲಿ ನಡೆಸಬೇಕು. ಬೆಳಕಿಗೆಂದು ತಂದುದು ಮನೆಯನ್ನು ಕತ್ತಲೆಮಾಡಬಾರದು.