ವಿದ್ಯೆಯೂ ಸೇವೆಯೂ

ವಿದ್ಯಾರ್ಥಿದಶೆಯನ್ನು ಪ್ರಾಚೀನರು ಒಂದು ವ್ರತವೆಂದು ಭಾವಿಸಿದ್ದರು. ವ್ರತಸ್ಥನಾದವನು ಅನ್ಯಕಾರ್ಯಗಳಲ್ಲಿ ಮನಸ್ಸನ್ನಿಡಬಾರದೆಂಬುದು ಅವರ ಮತ. ಆದರೆ ಅದೇ ಗುರುಕುಲದಲ್ಲಿ ಶಿಷ್ಯನು ಸಮಿತ್ತುಗಳನ್ನು ಆಯ್ದು ತರುತ್ತಿದ್ದನು, ಗೋವುಗಳನ್ನು ಕಾಯುತ್ತಿದ್ದನು, ಭಿಕ್ಷಾನ್ನವನ್ನು ಬೇಡಿ ತರುತ್ತಿದ್ದನು. ಶುಶ್ರೂಷೆಯೆಂಬ ಶಬ್ದಕ್ಕೆ ಕೇಳಬೇಕೆಂಬ ಇಚ್ಛೆಯೆಂದು ಒಂದರ್ಥ, ಸೇವೆಯೆಂದು ಇನ್ನೊಂದರ್ಥ. ಎರಡೂ ಒಂದೇ ಮಾತಿನಲ್ಲಿ ಅಡಗಿರುವುದು ಆಕಸ್ಮಿಕವೆಂದು ತೋರುವುದಿಲ್ಲ. ಹಾಗಾದರೆ ಕಾಲೇಜಿನಲ್ಲಿ ಓದುವ ತರುಣನು ಶಾಸ್ತ್ರಾನ್ವೇಷಣೆ, ಸಂಗಡಿಗರ ಮುಂದಾಳುತನ, ಜನಸೇವೆ ಎಂಬ ಮೂರು ಭಾರಗಳನ್ನು ಏಕಕಾಲದಲ್ಲಿ ಹೊರಬಲ್ಲನೇ? ಇದಕ್ಕೆ ತರ್ಕದಿಂದ ಉತ್ತರ ಹೇಳುವುದಕ್ಕಿಂತ ಒಂದು ಜೀವಿತವನ್ನು ನೋಡುವುದು ಲೇಸು.

ಮೇಘನಾದ ಸಾಹಾ ಅವರು 1893ನೆಯ ಅಕ್ಟೋಬರ್ 6ರಂದು ಢಾಕಾ ಪ್ರಾಂತದ ಸೇವರತಾಲಿ ಎಂಬ ಗ್ರಾಮದಲ್ಲಿ ಜನಿಸಿದರು. ಆ ಪ್ರದೇಶವು ಇಂದು ಬಾಂಗ್ಲಾದೇಶಕ್ಕೆ ಸೇರಿದೆ. ತಂದೆಗೆ ಚಿಕ್ಕದೊಂದು ಅಂಗಡಿ. ಮನೆಯಲ್ಲಿ ಎಂಟು ಮಂದಿ ಮಕ್ಕಳು. ಮಗನು ತಕ್ಕಡಿ ಹಿಡಿದರೆ ಸಾಕೆಂಬುದೇ ತಂದೆಯ ಅಪೇಕ್ಷೆ. ಮುಂದಿನ ಶಾಲೆಯು ಹಲವು ಮೈಲಿಗಳ ದೂರದಲ್ಲಿತ್ತು. ಅಲ್ಲಿ ಒಬ್ಬ ವೈದ್ಯರು ಬಾಲಕನಿಗೆ ತಮ್ಮ ಮನೆಯಲ್ಲಿ ಅನ್ನವನ್ನೂ ಆಶ್ರಯವನ್ನೂ ಕೊಟ್ಟರು. ಅವನು ತನ್ನ ತಟ್ಟೆಯನ್ನು ತಾನೇ ತೊಳೆದು, ಮನೆಯ ಹಸುವಿನ ಆರೈಕೆ ಮಾಡುತ್ತ ಓದಿದನು. ವಾರಾನ್ನದ ಮನೆಗಳಲ್ಲಿ ಉಂಡು ಪಂಡಿತರಾದವರನ್ನು ಬಲ್ಲ ಕನ್ನಡನಾಡಿಗೆ ಈ ಕಥೆಯು ಅಪರಿಚಿತವಲ್ಲ. ಪರರ ಔದಾರ್ಯದಿಂದ ಅಕ್ಷರ ಕಲಿತವನಿಗೆ ಋಣವೆಂದರೇನೆಂಬುದನ್ನು ಬೇರೆ ಬೋಧಿಸಬೇಕಾಗಿಲ್ಲ.

1905ರಲ್ಲಿ ಅವನು ವಿದ್ಯಾರ್ಥಿವೇತನ ಪಡೆದು ಢಾಕಾ ಪಟ್ಟಣದ ಶಾಲೆಯನ್ನು ಸೇರಿದನು. ಅದೇ ವರ್ಷ ವಂಗಭಂಗವಾಯಿತು. ಲೆಫ್ಟಿನೆಂಟ್ ಗವರ್ನರ್ ಫುಲ್ಲರನು ಶಾಲೆಗೆ ಬಂದ ಸಂದರ್ಭದಲ್ಲಿ ವಿದ್ಯಾರ್ಥಿಗಳು ಬಹಿಷ್ಕಾರ ಹೂಡಿದರು. ಅವರಲ್ಲಿ ಸೇರಿದ್ದ ಸಾಹಾ ಶಾಲೆಯನ್ನೂ ವೇತನವನ್ನೂ ಕಳೆದುಕೊಂಡನು. ಬಡವನ ಮಗನಿಗೆ ಇದು ಸಾಮಾನ್ಯ ದಂಡವಲ್ಲ. ಆದರೂ ಬೇರೊಂದು ಶಾಲೆಯಲ್ಲಿ ಓದಿ 1909ರಲ್ಲಿ ಪ್ರವೇಶಪರೀಕ್ಷೆಯಲ್ಲಿ ಪೂರ್ವಬಂಗಾಳದ ವಿದ್ಯಾರ್ಥಿಗಳಿಗೆಲ್ಲ ಮೊದಲಿಗನಾದನು.

1911ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿಗೆ ಬಂದಾಗ ಜಗದೀಶಚಂದ್ರ ಬೋಸ್ ಮತ್ತು ಪ್ರಫುಲ್ಲಚಂದ್ರ ರಾಯ್ ಅವರು ಗುರುಗಳಾಗಿ ದೊರೆತರು. ಸತ್ಯೇಂದ್ರನಾಥ ಬೋಸರು ಸಹಪಾಠಿ. 1913ರ ಬಿ.ಎಸ್‌ಸಿ. ಪರೀಕ್ಷೆಯಲ್ಲೂ 1915ರ ಎಂ.ಎಸ್‌ಸಿ. ಪರೀಕ್ಷೆಯಲ್ಲೂ ಬೋಸರು ಪ್ರಥಮರು, ಸಾಹಾ ದ್ವಿತೀಯರು. ಇಂತಹ ಮೇಧಾವಿಗೂ ವಿದ್ಯಾರ್ಥಿನಿಲಯದಲ್ಲಿ ಜಾತಿಯ ಕಾರಣದಿಂದ ಸಹಪಂಕ್ತಿಯು ದೊರೆಯಲಿಲ್ಲ. ಪಂಕ್ತಿಯಿಂದ ಎಬ್ಬಿಸಲ್ಪಟ್ಟವನು ಸಮಾಜದ ಮೇಲೆ ಮುನಿದು ಪುಸ್ತಕಗಳ ನಡುವೆ ಅಡಗಿ ಕುಳಿತಿದ್ದರೆ ಯಾರೂ ಆಕ್ಷೇಪಿಸುವಂತಿರಲಿಲ್ಲ. ಸಾಹಾ ಹಾಗೆ ಮಾಡಲಿಲ್ಲ.

1913ರಲ್ಲಿ ದಾಮೋದರ ನದಿಯು ಉಕ್ಕಿ ಹರಿಯಿತು. ಬಂಗಾಳದ ದುಃಖವೆಂದೇ ಹೆಸರಾದ ನದಿಯದು. ಛೋಟಾನಾಗಪುರದ ಎತ್ತರದ ನೆಲದಲ್ಲಿ ಸುರಿದ ಮಳೆಯು ಕಡಿದಾದ ಇಳಿಜಾರಿನಲ್ಲಿ ಧಾವಿಸಿ ಬಂದು, ಬಂಗಾಳದ ಸಮತಟ್ಟು ಬಯಲಿನಲ್ಲಿ ವೇಗ ತಗ್ಗಿ, ದಡ ಮೀರಿ ಊರುಗಳನ್ನು ಮುಳುಗಿಸುತ್ತದೆ. ಇನ್ನೂ ವಿದ್ಯಾರ್ಥಿಯಾಗಿದ್ದ ಸಾಹಾ ಸ್ವಯಂಸೇವಕನಾಗಿ ಸಂತ್ರಸ್ತರ ನೆರವಿಗೆ ಹೋದರು. ಕರುಣೆಯು ಅನ್ನವಸ್ತ್ರಗಳನ್ನು ಹಂಚಬಲ್ಲದು; ಮತ್ತೊಂದು ಮಳೆಗಾಲದಲ್ಲಿ ನೀರು ಪುನಃ ಬಂದರೆ ಪುನಃ ಹಂಚಬಲ್ಲದು. ನೀರು ಏಕೆ ಬರುತ್ತದೆಯೆಂದು ಕೇಳಲು ಮಾತ್ರ ಶಾಸ್ತ್ರವು ಬೇಕು. ಶಾಸ್ತ್ರವೊಂದನ್ನೇ ಬಲ್ಲವನಾದರೋ ಆ ನೀರಿನಲ್ಲಿ ನಿಂತ ಜನರನ್ನು ಕಾಣುವುದೇ ಇಲ್ಲ.

ಸೇವೆಗಾಗಿ ಸಾಹಾ ಶಾಸ್ತ್ರವನ್ನು ಬಿಟ್ಟವರಲ್ಲ. 1920ರಲ್ಲಿ ಅವರ ಅಯನೀಕರಣ ಸಿದ್ಧಾಂತವು ಪ್ರಕಟವಾಯಿತು. ಉಷ್ಣತೆಗೂ ಒತ್ತಡಕ್ಕೂ ಅನುಸಾರವಾಗಿ ಪರಮಾಣುಗಳು ಹೇಗೆ ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುವುವೆಂದು ಅದು ತೋರಿಸಿತು. ನಕ್ಷತ್ರದ ಬೆಳಕಿನ ರೇಖೆಗಳಿಂದ ಅದರ ಉಷ್ಣತೆಯನ್ನು ತಿಳಿಯುವ ಮಾರ್ಗವು ಅದರಿಂದ ತೆರೆಯಿತು. ಇಂತಹ ಕೀರ್ತಿ ಬಂದ ಮೇಲೂ, 1922ರಲ್ಲಿ ಉತ್ತರ ಬಂಗಾಳವು ಜಲಾವೃತವಾದಾಗ, ಗುರುಗಳಾದ ರಾಯ್ ಅವರು ಕಟ್ಟಿದ ಪರಿಹಾರಕಾರ್ಯದಲ್ಲಿ ಅವರು ದುಡಿದರು. ನದಿಗಳನ್ನು ಪ್ರಯೋಗಶಾಲೆಯಲ್ಲಿ ಅಧ್ಯಯನ ಮಾಡಬೇಕೆಂದು ಲೇಖನಗಳಲ್ಲಿ ಪ್ರತಿಪಾದಿಸಿದರು. 1943ರಲ್ಲಿ ದಾಮೋದರವು ಪುನಃ ಒಡ್ಡು ಒಡೆದು, ಯುದ್ಧಕಾಲದಲ್ಲಿ ರೈಲುಮಾರ್ಗವನ್ನೇ ಕಡಿದಾಗ, ಸರ್ಕಾರವು ನೇಮಿಸಿದ ವಿಚಾರಣಾ ಸಮಿತಿಯಲ್ಲಿ ಅವರು ಸದಸ್ಯರಾದರು. ಅಮೆರಿಕದ ಟೆನೆಸಿ ಕಣಿವೆಯ ಮಾದರಿಯನ್ನು ಅನುಸರಿಸಿ 1948ರಲ್ಲಿ ದಾಮೋದರ ಕಣಿವೆ ನಿಗಮವು ಸ್ಥಾಪಿತವಾಯಿತು. 1913ರ ಸ್ವಯಂಸೇವಕನು ಕಂಡ ನೀರಿಗೂ ಈ ನಿಗಮಕ್ಕೂ ನಡುವೆ 35 ವರ್ಷಗಳು ಕಳೆದಿದ್ದುವು.

ಎಲ್ಲವೂ ಸಿದ್ಧಿಸಿತೆಂದಲ್ಲ. ಯೋಜನೆಯಲ್ಲಿದ್ದ ಅಣೆಕಟ್ಟುಗಳೆಲ್ಲ ನಿರ್ಮಾಣವಾಗಲಿಲ್ಲ. 1953ರಿಂದ 1959ರೊಳಗೆ ತಿಲೈಯಾ, ಕೋನಾರ್, ಮೈಥಾನ್, ಪಂಚೇತ್ ಎಂಬ ನಾಲ್ಕು ಮುಗಿದವು. ಕೊನೆಯ ಎರಡನ್ನು ನೋಡಲು ಸಾಹಾ ಬದುಕಿರಲಿಲ್ಲ. 1956ನೆಯ ಫೆಬ್ರವರಿ 16ರಂದು ಅವರು ಕಾಲವಶರಾದರು. ನದಿಯ ಉಪದ್ರವವು ತಗ್ಗಿತೇ ಹೊರತು ಪೂರ್ಣವಾಗಿ ನಿಲ್ಲಲಿಲ್ಲ. ಅಣೆಕಟ್ಟುಗಳ ಹಿನ್ನೀರಿನಲ್ಲಿ ನೆಲ ಕಳೆದುಕೊಂಡವರ ದುಃಖವೂ ಈ ಲೆಕ್ಕಕ್ಕೆ ಸೇರತಕ್ಕದ್ದೇ.

ವಿದ್ಯಾರ್ಥಿಯು ದಿನವನ್ನು ಮೂರು ಪಾಲು ಮಾಡಿ, ಒಂದನ್ನು ಗ್ರಂಥಕ್ಕೆ, ಒಂದನ್ನು ಸಂಘಕ್ಕೆ, ಒಂದನ್ನು ದೀನರಿಗೆ ಅಳೆದುಕೊಟ್ಟರೆ ಮೂರೂ ಅರೆಯಾಗುವುದುಂಟು. ಪಾಠವನ್ನು ತಪ್ಪಿಸಿಕೊಳ್ಳಲು ಸೇವೆಯ ಹೆಸರು ಹೇಳುವವರೂ, ಮೆರವಣಿಗೆಯ ಮುಂದೆ ನಡೆಯುವುದನ್ನೇ ನಾಯಕತ್ವವೆಂದು ತಿಳಿದವರೂ ಎಲ್ಲ ಕಾಲದಲ್ಲಿಯೂ ಇದ್ದಾರೆ. ಹೆತ್ತವರು ಹೆದರುವುದು ಇಂತಹವರನ್ನು ನೋಡಿಯೇ. ಆ ಹೆದರಿಕೆಯು ನಿರಾಧಾರವಲ್ಲ. ಸಾಹಾ ಅವರಾದರೋ ಓದಿನ ಕಾಲದಲ್ಲಿ ಓದಿದರು, ನೀರು ಬಂದಾಗ ನೀರಿಗಿಳಿದರು, ಅಲ್ಲಿ ಕಂಡುದನ್ನು ಮರೆಯದೆ ಪುನಃ ಓದಿಗೆ ತಂದರು. ಮುಂದಾಳುತನವು ಅವರನ್ನು ತಾನಾಗಿ ಅರಸಿಕೊಂಡು ಬಂದಿತು. ಈ ನಾಡಿನ ಹೊಳೆಗಳೂ ಮಳೆಗಾಲದಲ್ಲಿ ದಡ ಮೀರುವುದುಂಟು. ನೆರೆ ಇಳಿದ ಊರಿನಿಂದ ಹಿಂದಿರುಗುವ ವಿದ್ಯಾರ್ಥಿಯು ಕೆಸರಾದ ಬಟ್ಟೆಯೊಡನೆ ಒಂದು ಪ್ರಶ್ನೆಯನ್ನೂ ಹೊತ್ತು ತಂದರೆ, ಅವನ ಪುಸ್ತಕಗಳಿಗೆ ಯಾವ ನಷ್ಟವೂ ಇಲ್ಲ.